ಮೇಷ್ಟ್ರ ಉಪವಾಸಗಳು

ನಮ್ಮ ಹೆಡ್‌ಮೇಷ್ಟ್ರಷ್ಟು ಉಪವಾಸ ಮಾಡಿದವರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಸೋಮವಾರ ಶಿವನಿಗೆ, ಮಂಗಳವಾರ ಮಾರಮ್ಮನಿಗೆ, ಶನಿವಾರ ಹನುಮಂತನಿಗೆ. ಮಿಕ್ಕ ದಿನ ಗ್ಯಾಸ್ಟ್ರಿಕ್ಕು.

ಈ ಭಕ್ತಿ ಶುರುವಾದದ್ದು ಗುಂಡ್ಲುಪೇಟೆ ಪಕ್ಕದ ನಮ್ಮೂರ ಶಾಲೆಗೆ ನಮ್ಮವ್ವ ಬಿಸಿಯೂಟದ ಅಡುಗೆಗೆ ಸೇರಿದ ದಿನ. ಊರಿನವರು ನಮ್ಮ ಕೇರಿಯವರನ್ನು ಅರಿಸಿನ ಬೇಯಿಸಲು ಕರೆಯುತ್ತಿದ್ದರೇ ಹೊರತು ಅನ್ನ ಬೇಯಿಸಲು ಕರೆದವರಲ್ಲ. ಅಡುಗೆಯವರಲ್ಲಿ ಪರಿಶಿಷ್ಟರೂ ಇರಬೇಕೆಂದು ಸರ್ಕಾರ ನಿಯಮ ಮಾಡಿದ್ದಕ್ಕೆ ಅವ್ವನಿಗೆ ಆ ಕೆಲಸ ಸಿಕ್ಕಿತ್ತು.

ಬಡಿಸುವ ಮೊದಲು ಮೇಷ್ಟ್ರು ರುಚಿ ನೋಡಬೇಕೆಂಬ ನಿಯಮವೂ ಇತ್ತು. ಮೇಷ್ಟ್ರೇ ಮುಟ್ಟದ್ದನ್ನು ಮಕ್ಕಳು ಮುಟ್ಟಿಯಾರೆ? ಊರೊಳಗಿನ ಮಕ್ಕಳು ಮನೆಯಿಂದ ಡಬ್ಬಿ ತಂದರು; ಉಂಡವರು ನಮ್ಮ ಕೇರಿಯವರಷ್ಟೇ. ಅಯ್ಯೋ, ಎಂಥ ಸಾರದು! ಆ ಬೆಳ್ಳುಳ್ಳಿ ಒಗ್ಗರಣೆ ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ಉಳಿದದ್ದನ್ನು ಅವ್ವ ಎಮ್ಮೆಯ ಕಲಗಚ್ಚಿಗೆ ಸುರಿಯುತ್ತಾ, "ಸದ್ಯ, ಇದ್ಕಾದ್ರೂ ಜಾತಿ ಗೊತ್ತಿಲ್ವಲ್ಲಮ್ಮಿ" ಎಂದು ನಗುತ್ತಿದ್ದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಯಾರೂ ಉಣ್ಣುತ್ತಿಲ್ಲ, ಅವಳನ್ನು ತೆಗೆದು ಬೇರೆಯವರನ್ನು ಹಾಕಿ ಎಂದು ಊರಿನ ದೊಡ್ಡವರು ಹಟ ಹಿಡಿದರು. ಅಪ್ಪ ಸುಮ್ಮನಿರಲಿಲ್ಲ. ಚಾಮರಾಜನಗರದ ಬಸ್ಸು ಹತ್ತಿ ಹೋಗಿ ದೂರು ಕೊಟ್ಟು ಬಂದ.

ಅಲ್ಲಿಂದ ಜೀಪಿನಲ್ಲಿ ಬಂದದ್ದು ಒಬ್ಬ ಹೆಣ್ಣು ಅಧಿಕಾರಿ. ಬಂದವರೇ ನಮ್ಮ ಸಾಲಿನಲ್ಲಿ ನೆಲದ ಮೇಲೆ ಕೂತು, "ಮೇಷ್ಟ್ರೇ, ನೀವೂ ಬನ್ನಿ" ಎಂದರು.

"ಇವತ್ತು ನಂದು ಉಪವಾಸ, ಮೇಡಂ."

"ಉಪವಾಸ ನಿಮ್ಮನೆ ವಿಚಾರ. ಜಾತಿ ನೋಡಿ ಊಟ ಬಿಟ್ರೆ ಅದು ಕಾನೂನಿನ ವಿಚಾರ, ಕೇಸಾಗುತ್ತೆ. ಇದು ಯಾವುದು, ನೀವೇ ಹೇಳಿ."

ಮೇಷ್ಟ್ರು ಬಂದು ಕೂತರು. ಔಷಧ ನುಂಗುವವರ ಹಾಗೆ ಒಂದು ತುತ್ತು ನುಂಗಿದರು. ಅಡುಗೆಯವರನ್ನು ಬದಲಾಯಿಸುವ ಮಾತೇ ಇಲ್ಲವೆಂದು ದೊಡ್ಡವರಿಗೆ ಹೇಳಿ ಆ ತಾಯಿ ಜೀಪು ಹತ್ತಿದರು.

ಕೆಲಸವೇನೋ ಉಳಿಯಿತು. ಆದರೆ "ಕೇಸಿಗೆ ಎದ್ರಿ ಉಂಡ್ರು ಕಣಮ್ಮಿ, ನಾಳೀಕ್ ನೋಡು" ಎಂದಳು ಅವ್ವ.

ಮಾರನೆಯ ದಿನ ಮಕ್ಕಳು ಡಬ್ಬಿ ಹಿಡಿದು ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು. ಮೇಷ್ಟ್ರು ಅಡುಗೆಮನೆಯ ಬಾಗಿಲಿಗೆ ಬಂದು ಅಂಗೈ ಒಡ್ಡಿದರು. ಅವ್ವ ಸೌಟಿನ ತುದಿಯಿಂದ ಒಂದಿಷ್ಟು ಸಾರು ಬಿಟ್ಟಳು. ನೆಕ್ಕಿ, ಮುಖ ಸಿಂಡರಿಸಿ, "ಉಪ್ಪು ಕಮ್ಮಿ ಆಗದೆ ಕಣಮ್ಮ" ಎಂದರು. ಹಿಂದೆ ನಿಂತಿದ್ದ ಮಕ್ಕಳು ಒಬ್ಬೊಬ್ಬರೇ ತಟ್ಟೆ ತರಲು ಹೋದರು.

ಸಂಜೆ ಅವ್ವ ಕಾಲು ಕೂಡ ತೊಳೆಯದೆ ಕೇರಿಯ ಮನೆಮನೆಯ ಮುಂದೂ ನಿಂತು ಹೇಳಿದಳು: "ಮೇಷ್ಟ್ರು ನನ್ ಸಾರ್ಗೆ ಉಪ್ಪು ಕಮ್ಮಿ ಅಂದ್ಬುಟ್ರು ಕಣ್ರವ್ವಾ!"