ಮೂರು ಸಲ ತೊಳೆದ ರೇಷ್ಮೆ ಹಣ್ಣು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಇದನ್ನು ಮೊದಲೇ ಹೇಳಿಬಿಟ್ಟರೆ, ಮುಂದೆ ಬರುವ ನನ್ನ ದಡ್ಡತನಕ್ಕೆ ಎಷ್ಟು ನಗಬೇಕೆಂಬುದು ಓದುವವರಿಗೆ ತಿಳಿದಿರುತ್ತದೆ.

ನನ್ನ ಮನೆ ಸಾಗರದಲ್ಲಿ, ತವರು ಕವಲೇದುರ್ಗದ ಬುಡದಲ್ಲಿ. ಹೋದ ವರ್ಷ ಅಪ್ಪಯ್ಯನಿಗೆ ರಕ್ತದ ಕಾಯಿಲೆ ಎಂದು ಗೊತ್ತಾಗಿ, ಮೂರು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಔಷಧಿ ಏರಿಸುವುದು ಶುರುವಾಯಿತು. ಬೇಸಿಗೆ ರಜೆ ಸಿಕ್ಕಿದ್ದೇ ನಾನು ಹೊಸನಗರದ ಬಸ್ಸು ಹತ್ತಿ ತವರಿಗೆ ಹೋಗಿ ಕೂತೆ. ಅಮ್ಮನಿಗೆ ಕೈಯಾಸರೆಯಾಗಲಿ ಎಂಬುದು ಹೇಳಿಕೊಳ್ಳುವ ಕಾರಣ. ಅಮ್ಮ ಶುಚಿ ನೋಡಿಕೊಳ್ಳುತ್ತಾರೆಂಬ ನಂಬಿಕೆ ನನಗಿರಲಿಲ್ಲ ಎಂಬುದು ನಿಜವಾದ ಕಾರಣ.

ಡಾಕ್ಟರು ಮಾತು ಕಡಿಮೆಯ ಮನುಷ್ಯ. ಇವರ ರಕ್ತದಲ್ಲಿ ಬಿಳಿ ಕಣ ಇಳಿದಿದೆ, ನಮಗೆ ಬರೀ ಸೀನು ತರಿಸುವ ಕ್ರಿಮಿ ಇವರ ಪ್ರಾಣಕ್ಕೇ ಬರಬಹುದು, ಕುಡಿಯಲು ಕಾಯಿಸಿ ಆರಿಸಿದ ನೀರೇ ಕೊಡಿ, ಹಣ್ಣು ಕೊಡುವುದಾದರೆ ಚೆನ್ನಾಗಿ ತೊಳೆದು ಕೊಡಿ ಎಂದಿದ್ದರು. ಅಷ್ಟನ್ನೂ ದಪ್ಪಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಅಮ್ಮ ಅದನ್ನು ಓದಿದರೋ ಇಲ್ಲವೋ, ನೀರನ್ನಂತೂ ಜೀರಿಗೆ ಹಾಕಿ ಕಾಯಿಸುತ್ತಿದ್ದರು.

ಕಷ್ಟವಾದದ್ದು ಊಟ. ಔಷಧಿ ಅಪ್ಪಯ್ಯನ ಬಾಯಿರುಚಿಯನ್ನೇ ಕೊಂದುಹಾಕಿತ್ತು. ಗಂಜಿ ಮಣ್ಣು, ಸಾರು ತುಕ್ಕು, ಮೊಸರು ಸುಣ್ಣ. ಎರಡು ತುತ್ತಿಗೆ ಕೈ ತೊಳೆದುಬಿಡುತ್ತಿದ್ದರು. ತೂಕ ಹೀಗೇ ಇಳಿದರೆ ಮುಂದಿನ ಸಲ ಔಷಧಿ ಏರಿಸಲು ಆಗುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ನನಗೆ ಭಯವಾಗಿತ್ತು. ಭಯವಾದಾಗ ನಾನು ಬೈಯುತ್ತೇನೆ. ಅಪ್ಪಯ್ಯನಿಗೆ ಬೈದೆ, ಅಮ್ಮನಿಗೂ ಬೈದೆ.

ಹೀಗಿರುವಾಗ ಒಂದು ಬೆಳಿಗ್ಗೆ ಅಪ್ಪಯ್ಯ ತಾವಾಗಿಯೇ ಕೇಳಿದರು. "ಹಿತ್ಲಲ್ಲಿ ರೇಷ್ಮೆ ಹಣ್ಣು ಆಗಿದ್ಯಾ? ಒಂದ್ ನಾಕು ತಗಂಡ್ ಬಾ ಮಗಾ."

ರೇಷ್ಮೆ ಹಣ್ಣೆಂದರೆ ಹಿಪ್ಪುನೇರಳೆ. ನಮ್ಮ ಹಿತ್ತಿಲಲ್ಲಿ ಒಂದೇ ಮರ, ಅಪ್ಪಯ್ಯನೇ ನೆಟ್ಟದ್ದು. ಹಣ್ಣಾದಾಗ ಕಪ್ಪಗೆ, ಮೆತ್ತಗೆ, ಮುಟ್ಟಿದರೆ ಕೈಗೆ ಬಣ್ಣ. ಅಪ್ಪಯ್ಯ ಜೀವಮಾನದಲ್ಲಿ ಅದನ್ನು ತೊಳೆದು ತಿಂದವರಲ್ಲ. ಉಫ್ ಎಂದು ಊದಿ, ಇರುವೆ ಹಾರಿಸಿ, ಬಾಯಿಗೆ ಹಾಕಿಕೊಳ್ಳುವುದು. ಪೇಟೆಯ ಹಣ್ಣನ್ನು ತೊಳೆಯಬೇಕು, ಅದನ್ನು ಯಾರ್ಯಾರೋ ಮುಟ್ಟಿರುತ್ತಾರೆ. ಮನೆಯ ಹಣ್ಣನ್ನು ತೊಳೆದರೆ ಮರಕ್ಕೆ ಅವಮಾನ ಎನ್ನುವುದು ಅವರ ಶಾಸ್ತ್ರ.

ಬಟ್ಟಲು ಹಿಡಿದು ಮರದ ಕೆಳಗೆ ನಿಂತೆ. ನಿಂತದ್ದೇ ತಲೆ ಕೆಟ್ಟುಹೋಯಿತು. ಎರಡು ದಿನದ ಹಿಂದೆ ಮಂಗಗಳ ಹಿಂಡು ಅದೇ ಮರದ ಮೇಲೆ ಹಾದುಹೋಗಿತ್ತು. ಬಾವಲಿ ಬರುತ್ತದೆ, ಹಕ್ಕಿ ಬರುತ್ತದೆ. ಮಂಗನ ಕಾಯಿಲೆ ಹರಡುವುದು ಉಣುಗು ಎಂಬ ಹುಳ ಕಚ್ಚಿ, ಹಣ್ಣಿನಿಂದಲ್ಲ ಎಂದು ಪ್ರತಿ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳುವವಳು ನಾನೇ. ಆದರೆ ಗೊತ್ತಿರುವುದಕ್ಕೂ ಧೈರ್ಯ ಬರುವುದಕ್ಕೂ ಸಂಬಂಧವಿಲ್ಲ. ಕೊಡದಿದ್ದರೆ ಅಪ್ಪಯ್ಯ ಏನೂ ತಿನ್ನುವುದಿಲ್ಲ. ಕೊಟ್ಟರೆ ಏನಾಗುತ್ತದೋ ಗೊತ್ತಿಲ್ಲ.

ಸಾಗರಕ್ಕೆ ಫೋನ್ ಮಾಡಿದೆ. ಗಂಡ, "ಕೊಡ್ಲೇಬೇಡ, ಸುಮ್ನೆ ಯಾಕೆ ರಿಸ್ಕು," ಎಂದರು. ಹೊಸನಗರದ ನಾದಿನಿ, "ಉಪ್ಪುನೀರಲ್ಲಿ ಹತ್ ನಿಮಿಷ ನೆನ್ಸಿ ಅತ್ಗೆ, ಹುಳ ಇದ್ರೆ ಹೊರಗೆ ಬರ್ತವೆ," ಎಂದಳು. ಮೊಬೈಲಿನ ಒಂದು ವಿಡಿಯೋ ಅಡುಗೆ ಸೋಡಾ ಎಂದಿತು. ಇನ್ನೊಂದು, ಈ ಹಣ್ಣಿಗೆ ನೀರು ಸೋಕಿಸಲೇಬಾರದು, ಸತ್ವ ಹೋಗುತ್ತದೆ ಎಂದಿತು. ಅಮ್ಮ ಬಾಗಿಲಿಗೆ ಬಂದು ನನ್ನನ್ನೇ ನೋಡುತ್ತ, "ಕೊಡೇ ಅತ್ಲಾಗೆ. ಬಾಯಿಬಿಟ್ಟು ಕೇಳಿದಾರೆ," ಎಂದರು.

ನಾದಿನಿ ಹೇಳಿದಂತೆ ಐದು ಹಣ್ಣನ್ನು ಉಪ್ಪುನೀರಿಗೆ ಹಾಕಿ ನೋಡಿದೆ. ಹತ್ತು ನಿಮಿಷದಲ್ಲಿ ನೀರು ಕೆಂಪು ಶಾಯಿಯಾಯಿತು, ಹಣ್ಣು ಸತ್ತ ಕಂಬಳಿಹುಳದ ಹಾಗಾಯಿತು. ಅದನ್ನು ಬಾಳೆ ಬುಡಕ್ಕೆ ಚೆಲ್ಲಿದೆ.

ಕೊನೆಗೆ ಬುದ್ಧಿವಂತೆಯ ಹಾಗೆ ಒಂದು ತೀರ್ಮಾನಕ್ಕೆ ಬಂದೆ. ನೆನೆಸುವುದು ಬೇಡ, ಹರಿಯುವ ನೀರಿನಲ್ಲಿ ತೊಳೆಯುವುದು. ನಮ್ಮಲ್ಲಿ ಹರಿಯುವ ನೀರಿಗೇನು ಬರ? ಗುಡ್ಡದ ಒರತೆಯಿಂದ ಕಪ್ಪು ಪೈಪಿನಲ್ಲಿ ತಾನಾಗಿ ಇಳಿದುಬರುವ ಅಬ್ಬಿ ನೀರು ಹಿತ್ತಿಲ ಕಲ್ಲಿನ ಮೇಲೆ ಹಗಲೂ ರಾತ್ರಿ ಬೀಳುತ್ತಲೇ ಇರುತ್ತದೆ. ನೂರು ಬೇರು ತೊಳೆದು ಬರುವ ಔಷಧಿ ನೀರು ಅದು ಎಂದು ಊರಿಗೆಲ್ಲ ಹೆಮ್ಮೆ. ನನಗೂ ಹೆಮ್ಮೆ. ಹಣ್ಣನ್ನು ಜರಡಿಗೆ ಹಾಕಿ ಅದರ ಕೆಳಗೆ ಹಿಡಿದೆ. ಒಂದು ಸಲ ಸಾಲದೆಂದು ಎರಡು ಸಲ, ಮನಸ್ಸಿಗೆ ಸಮಾಧಾನವಾಗಲೆಂದು ಮೂರನೆಯ ಸಲ. ಒಗೆದ ಬಟ್ಟೆಯ ಮೇಲೆ ಹರಡಿ ಒರೆಸಿ ಕೊಟ್ಟೆ.

ಅಪ್ಪಯ್ಯ ಒಂದನ್ನು ಬಾಯಿಗೆ ಹಾಕಿಕೊಂಡು ನನ್ನ ಮುಖ ನೋಡಿದರು. "ತೊಳ್ದ್ಯಾ?"

"ಮೂರು ಸಲ."

"ಅದ್ಕೇ ನೀರ್ ನೀರು, ಮಾರಾಯ್ತಿ," ಎಂದರು. ಆದರೂ ಬಟ್ಟಲು ಖಾಲಿ ಮಾಡಿದರು. ಬಾಯಿ, ಬೆರಳು ಎಲ್ಲ ನೇರಳೆ. ನಾನು ಅಡುಗೆಮನೆಗೆ ಹೋಗಿ ಅತ್ತೆ, ಸಂತೋಷಕ್ಕೆ.

ಮಾರನೇ ದಿನ ಮಧ್ಯಾಹ್ನ ಭೇದಿ ಶುರುವಾಯಿತು. ಅದರ ಮಾರನೇ ಬೆಳಿಗ್ಗೆ ಹಲ್ಲು ಕಟಕಟ ಎನ್ನುವ ಚಳಿಜ್ವರ. ಕಾರು ಮಾಡಿಕೊಂಡು ಆಸ್ಪತ್ರೆಗೆ ಓಡಿದೆವು.

ವಾರ್ಡಿನ ಸಿಸ್ಟರು ಎರಡು ದಿನದಿಂದ ಏನೇನು ತಿಂದರು ಎಂದು ಬರೆದುಕೊಳ್ಳುತ್ತಿದ್ದರು. ನಮ್ಮ ಹಾಗೇ ಮಲೆನಾಡಿನವರು, ಮೇಗರವಳ್ಳಿ ಕಡೆಯವರು ಎಂದು ಹಿಂದಿನ ಸಲವೇ ಪರಿಚಯವಾಗಿತ್ತು. ಮರದ ಹಣ್ಣು ಎಂದೆ. "ತೊಳೆದು ಕೊಟ್ರಾ?" "ಮೂರು ಸಲ." "ಯಾವ ನೀರಲ್ಲಿ?" ನಾನು ತಲೆಯೆತ್ತಿಯೇ ಹೇಳಿದೆ: "ಅಬ್ಬಿ ನೀರಲ್ಲಿ."

ಸಿಸ್ಟರ ಪೆನ್ನು ನಿಂತಿತು. "ಕಾಯಿಸಿರ್ಲಿಲ್ವಾ?"

ಕುಡಿಯುವ ನೀರನ್ನು ಕಾಯಿಸುತ್ತಿದ್ದೆವು. ತೊಳೆಯುವ ನೀರನ್ನು ಕಾಯಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹಿಂದಿನ ವಾರವಷ್ಟೇ ಮೊದಲ ಮಳೆ ಬಿದ್ದು, ಗುಡ್ಡದ ಮೇಲೆ ವರ್ಷವಿಡೀ ಬಿದ್ದಿದ್ದೆಲ್ಲ ಒರತೆಗೆ ಇಳಿದಿತ್ತು. ಕುದಿಸಿದರೆ ಕ್ರಿಮಿ ಸಾಯುತ್ತದೆ ಎಂದು ಪಾಠ ಮಾಡುವ ನಾನು, ಮರದ ಮೇಲೆ ಶುದ್ಧವಾಗಿದ್ದಿರಬಹುದಾದ ಹಣ್ಣಿಗೆ ಮೂರು ಸಲ ಕ್ರಿಮಿ ಹಚ್ಚಿ ಕೊಟ್ಟಿದ್ದೆನೇ? ಸಿಸ್ಟರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, "ನಮ್ಮನೇಲೂ ಅಬ್ಬಿ ನೀರೇ. ನಾನಾದ್ರೂ ಅದ್ರಲ್ಲೇ ತೊಳೀತಿದ್ನೇನೋ," ಎಂದರು.

ಡಾಕ್ಟರನ್ನು ನೇರವಾಗಿಯೇ ಕೇಳಿದೆ, ಹಣ್ಣೋ ನೀರೋ ಎಂದು. ಹಣ್ಣಿರಬಹುದು, ನೀರಿರಬಹುದು, ಎರಡೂ ಅಲ್ಲದೆ ಅವರ ಹೊಟ್ಟೆಯೊಳಗೇ ಇದ್ದ ಕ್ರಿಮಿಯೂ ಇರಬಹುದು, ಹೇಳಲಾಗುವುದಿಲ್ಲ ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಒಂಬತ್ತು ದಿನದ ಮೇಲೆ ಅಪ್ಪಯ್ಯ ಮನೆಗೆ ಬಂದರು. ಅಷ್ಟೂ ದಿನ ನಾನು ಸರಿಯಾಗಿ ಅನ್ನ ತಿಂದಿರಲಿಲ್ಲ. ಜಗಲಿಯಲ್ಲಿ ಅವರ ಕಾಲ ಬುಡದಲ್ಲಿ ಕೂತು, ಹೇಳಬೇಕಾದ್ದನ್ನು ಹೇಳಿಬಿಟ್ಟೆ: "ಅಪ್ಪಯ್ಯ, ನನ್ನಿಂದ್ಲೇ ಆಗಿದ್ದು. ಆ ನೀರಲ್ಲಿ ತೊಳೀಬಾರ್ದಿತ್ತು."

ಅವರು ಒಳಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಒಳಗಿದ್ದ ಅಮ್ಮನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ, "ನೀನೊಂದು! ನೀನು ತಂದು ಕೊಡೋಕೂ ಮೊದ್ಲೇ ಬೆಳಿಗ್ಗೆ ನಾನೇ ಹೋಗಿ ಒಂದು ಮುಷ್ಟಿ ಕಿತ್ತು ತಿಂದಿದ್ದೆ. ತೊಳೀದೆ. ಅದ್ರಿಂದ್ಲೇ ಆಗಿದ್ದು. ನಿನ್ ಹಣ್ಣಿಗೆ ರುಚಿನೇ ಇರ್ಲಿಲ್ಲ, ಇನ್ನು ರೋಗ ಎಲ್ಲಿಂದ ಬರತ್ತೆ?" ಎಂದರು.

ನಾನು ನಕ್ಕೆ. ಅವರೂ ನಕ್ಕರು. ನಗುತ್ತಿರುವಾಗಲೇ ನನಗೆ ನೆನಪಾಯಿತು: ಹಣ್ಣು ಕೇಳಿದ ಆ ವಾರ ಅಪ್ಪಯ್ಯ ಬಚ್ಚಲಿಗೆ ಹೋಗಲೂ ನನ್ನ ಹೆಗಲು ಹಿಡಿಯುತ್ತಿದ್ದರು. ಮರಕ್ಕೆ ಹೋಗಬೇಕಾದರೆ ಹಿತ್ತಿಲ ಹನ್ನೊಂದು ಮೆಟ್ಟಿಲು ಇಳಿಯಬೇಕು.

ಒಂದೊಂದು ದಿನ ಇಳಿದಿರಬಹುದು ಎನಿಸುತ್ತದೆ, ಹಟವಾದಿ ಮನುಷ್ಯ. ಒಂದೊಂದು ದಿನ ಸಾಧ್ಯವೇ ಇಲ್ಲ ಎನಿಸುತ್ತದೆ. ಅಪ್ಪಯ್ಯ ಈಗ ಚೆನ್ನಾಗಿದ್ದಾರೆ, ಅಮ್ಮನೂ ಇದ್ದಾರೆ, ಕೇಳಿದರೆ ಗೊತ್ತಾಗುತ್ತದೆ. ನಿಜವೆಂದಾದರೆ ನನ್ನ ತಪ್ಪು ಕಳೆಯುತ್ತದೆ. ಸುಳ್ಳೆಂದಾದರೆ, ಅಷ್ಟು ನಿತ್ರಾಣದಲ್ಲೂ ನನಗಾಗಿ ಅವರು ಆ ಹನ್ನೊಂದು ಮೆಟ್ಟಿಲನ್ನು ಬರೀ ಬಾಯಿಮಾತಿನಲ್ಲೇ ಇಳಿದು ಬಂದರೆಂದಾಗುತ್ತದೆ. ಯಾವುದನ್ನು ಕಳೆದುಕೊಳ್ಳುವುದೆಂದು ತಿಳಿಯದೆ ಇವತ್ತಿನವರೆಗೂ ಕೇಳಿಲ್ಲ.