ಫಾಂಟಿನ ಜೊತೆ ಒಳಬಂದದ್ದು

2020ರ ಮಾರ್ಚಿನಲ್ಲಿ ನಾನು ಪುತ್ತೂರಿನಲ್ಲಿ ಕಂಪ್ಯೂಟರ್ ಸರ್ವಿಸ್ ಎಂಜಿನಿಯರ್. ಸುಳ್ಯ, ಕಡಬದ ಪ್ರೆಸ್ಸು, ಡಿಟಿಪಿ ಅಂಗಡಿಗಳ ಯಂತ್ರಗಳೂ ನನ್ನ ತಲೆಗೇ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವ ಹಾಗೆ, ನಮ್ಮ ಕಡೆ ಫೈಲ್ ಕಳಿಸುವವರು ಜೊತೆಗೆ ಫಾಂಟನ್ನೂ, ಅಂದರೆ ಅಕ್ಷರಗಳ ಅಚ್ಚನ್ನೂ, ಕಳಿಸುತ್ತಾರೆ. ಇಲ್ಲದಿದ್ದರೆ ಆಚೆಯವರ ಪರದೆಯಲ್ಲಿ ಅಕ್ಷರಗಳೆಲ್ಲ ಕಲಸುಮೇಲೋಗರ.

ತಿಂಗಳ ಕೊನೆಗೆ ಎಚ್ಚರಿಕೆ ಬಂತು: ಆಪರೇಟಿಂಗ್ ಸಿಸ್ಟಂ ಫಾಂಟ್ ಓದುವ ಭಾಗದಲ್ಲೇ ದೋಷವಿದೆ. ತಿರುಚಿದ ಫಾಂಟ್ ಇರುವ ಫೈಲನ್ನು ತೆರೆಯಲೂ ಬೇಕಿಲ್ಲ. ಪ್ರಿವ್ಯೂನಲ್ಲಿ ಕಂಡರೆ ಸಾಕು, ಎಲ್ಲೋ ಕುಳಿತವನ ಪ್ರೋಗ್ರಾಂ ನಮ್ಮ ಯಂತ್ರದಲ್ಲಿ ಓಡುತ್ತದೆ. ರಿಮೋಟ್ ಕೋಡ್ ಎಕ್ಸಿಕ್ಯೂಷನ್ ಎಂದರೆ ಇದೇ. ದೋಷ ಮುಚ್ಚುವ ಪ್ಯಾಚ್ ಬಂದಿರಲಿಲ್ಲ, ಲಾಕ್‌ಡೌನ್ ಬಂದಿತ್ತು. ನನ್ನ ಕೈಯಲ್ಲಿ ಉಳಿದದ್ದು ಫೋನ್ ಮಾತ್ರ.

ಮೊದಲು ಅರಂತೋಡಿನಲ್ಲಿ ಡಿಟಿಪಿ ಮಾಡುವ ಜಲಜಾಕ್ಷಿಗೆ ಫೋನ್ ಮಾಡಿದೆ. ತಾಯಿ ದೇವಕಿಯಮ್ಮ ಹಾಡಿದ, ಅವರ ಮನೆಮಾತು ಅರೆಭಾಷೆಯ ಮದುವೆ ಹಾಡುಗಳನ್ನೆಲ್ಲ ಅವಳು ತನ್ನ ಹಳೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿದ್ದಳು. ಪಾರ್ಶ್ವವಾಯು ಬಡಿದು ತಾಯಿಯ ಮಾತು ನಿಂತುಹೋಗಿತ್ತು. ಆ ಹಾಡುಗಳ ಪುಸ್ತಕ ನೋಡುವುದೊಂದೇ ಆಕೆಗೆ ಉಳಿದ ಆಸೆ.

"ಪ್ರಿವ್ಯೂ ಆಫ್ ಮಾಡಿ. ಯಾರ ಫಾಂಟೂ ತಕೊಳ್ಳಬೇಡಿ" ಎಂದೆ.

"ಲಾಕ್‌ಡೌನಿಗೆ ಮದುವೆ ಮುಂದೆ ಹೋಯ್ತು ಹೇಳುವ ಕಾರ್ಡ್ ಒಂದು ಕಡಬದ ಪ್ರೆಸ್ಸಿಂದ ಬಂದಿದೆ. ಫಾಂಟೂ ಒಟ್ಟಿಗೆ ಉಂಟು. ಪ್ರೀತಿಯಲ್ಲಿ ಕಳಿಸುದು, ಬೇಡ ಹೇಳುದು ಹೇಗೆ ಮಾರಾಯ್ರೆ? ಆಗಲೇ ನೋಡಿ ಆಯ್ತು" ಎಂದಳು.

ಮರುದಿನ ಅವಳದೇ ಫೋನ್. ಒಂದು ಫೈಲೂ ತೆರೆಯುತ್ತಿಲ್ಲ, ಎಲ್ಲಕ್ಕೂ ಯಾರೋ ದೂರದಿಂದಲೇ ಬೀಗ ಹಾಕಿದ್ದರು, ಕೀಲಿ ಅವರ ಹತ್ತಿರ ಮಾತ್ರ. ಹಾಡುಗಳಿಗೆ ಪೆನ್‌ಡ್ರೈವಿನಲ್ಲಿ ಬ್ಯಾಕಪ್ ಇತ್ತು. ಆದರೆ ಅದನ್ನು ಯಂತ್ರಕ್ಕೇ ಚುಚ್ಚಿಟ್ಟಿದ್ದಳು, ಅದೂ ಹೋಗಿತ್ತು. ಬೀಗ ಹಾಕಿದವರು ಒಳಬಂದದ್ದು ಆ ಫಾಂಟಿನ ದಾರಿಯಲ್ಲೇ ಎಂದು ಆಣೆ ಮಾಡಿ ಹೇಳಲಾರೆ. ನನಗೆ ಬೇರೆ ದಾರಿ ಕಾಣಲಿಲ್ಲ.

"ಎಂತಾದ್ರೂ ಮಾಡಿ" ಎಂದು ಅವಳು ಅಳುತ್ತಿದ್ದಳು. ಪೊಲೀಸರು ಪುತ್ತೂರು ಪೇಟೆಯನ್ನೇ ದಾಟಲು ಬಿಡುತ್ತಿರಲಿಲ್ಲ. ದಾಟಿದ್ದರೂ ನಾನು ಮಾಡುವುದೇನಿತ್ತು? ನನ್ನ ವಿದ್ಯೆಯ ಮೇಲೇ ನನಗೆ ಸಿಟ್ಟು ಬಂತು. ಏಪ್ರಿಲ್‌ನಲ್ಲಿ ಪ್ಯಾಚ್ ಬಂತು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅದೂ ಅವಳ ಹಳೆಯ ಸಿಸ್ಟಂಗೆ ಸಿಗುವಂಥದ್ದಲ್ಲ.

ದಾರಿ ತೆರೆದ ಕೂಡಲೇ ಹೋದೆ. ಗೊತ್ತಿದ್ದದ್ದನ್ನೆಲ್ಲ ಮಾಡಿ ಸೋತೆ. ಜಲಜಾಕ್ಷಿ ಮೆಲ್ಲಗೆ, "ಅಮ್ಮನಿಗೆ ಹೇಳಬೇಡಿ" ಎಂದಳು.

ಬ್ಯಾಕಪ್ ತೆಗೆದ ಮೇಲೆ ಪೆನ್‌ಡ್ರೈವ್ ಕಿತ್ತಿಡಿ ಎಂದು ಅಂದಿನಿಂದ ಕಂಡಕಂಡವರಿಗೆಲ್ಲ ಹೇಳುತ್ತೇನೆ. ಈ ವೃತ್ತಿ ಕಲಿಸಿದ ಪಾಠ ಅದು. ದೇವಕಿಯಮ್ಮ ಮಾತ್ರ ನಾನು ಹೋದಾಗಲೆಲ್ಲ ಅಂಗೈಯನ್ನು ಪುಸ್ತಕದಂತೆ ಬಿಡಿಸಿ ಹಿಡಿದು ನನ್ನ ಮುಖ ನೋಡುತ್ತಾರೆ.

"ಪ್ರೆಸ್ಸಿನಲ್ಲಿ ಉಂಟಮ್ಮ" ಎನ್ನುತ್ತೇನೆ. "ಇನ್ನೆಂತ, ಬರ್ತದೆ."