ಜೈನಬೀಯ ತೋಳಿನ ಮೇಲಿನ ಗುರುತು

ಜೈನಬೀ, ನಿನ್ನ ತೋಳಿನ ಮೇಲಿರುವುದು ಸಿಡುಬು ಬಾರದಿರಲೆಂದು ದಾಕು ಹಾಕಿಸಿದ ಕಲೆಯಲ್ಲ. ಬಟ್ಟೆಗೆ ಗುರುತು ಹಾಕುವ ಕರಿಗೇರಿನ ರಸದಿಂದ ನಾನು ಸುಟ್ಟ ಕಲೆ ಅದು. ನಿನಗೆ ಯಾರೂ ದಾಕು ಹಾಕಿಯೇ ಇಲ್ಲ. ಹಾಕಿಸಿದೆನೆಂದು ನಿನ್ನ ತಾಯಿಗೆ ಸುಳ್ಳು ಹೇಳಿದವನು ನಾನು — ಪಕ್ಕದ ಮನೆಯ ಮಡಿವಾಳರ ಹನುಮಂತಪ್ಪ, ನೀನು ಬಾಯಿ ತುಂಬ ಮಾಮ ಎಂದು ಕರೆಯುವವನು.

ಗೌರಿ, ನನ್ನ ಮಗಳೇ, ಈ ಕಾಗದವನ್ನು ಅವಳಿಗೆ ಓದಿ ಹೇಳುತ್ತಿರುವವಳು ನೀನು. ಅಪ್ಪನ ಮಾನ ಕಾಯಲೆಂದು ಒಂದು ಸಾಲನ್ನೂ ನುಂಗಬೇಡ. ಮುಂದೆ ನಿನ್ನದೂ ಬರುತ್ತದೆ.

ಹೊನ್ನಾಳಿಯಲ್ಲಿ ನನ್ನಂಥ ಕಸುಬುದಾರ ಇನ್ನೊಬ್ಬನಿರಲಿಲ್ಲ. ಇದನ್ನು ಈಗಲೂ ತಲೆಯೆತ್ತಿಯೇ ಹೇಳುತ್ತೇನೆ. ನಲವತ್ತು ಮನೆಯ ಬಟ್ಟೆ ಒಟ್ಟಿಗೆ ಹೊಳೆಗೆ ಹೊತ್ತರೂ ಒಬ್ಬರ ಪಂಚೆ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ. ಗೇರುಕಾಯಿಗೆ ಸೂಜಿ ಚುಚ್ಚಿ, ಒಸರಿದ ರಸದಲ್ಲಿ ಅಂಚಿಗೊಂದು ಚುಕ್ಕೆ, ಒಂದು ಗೀಟು — ಮನೆಗೊಂದು ಗುರುತು. ಬಟ್ಟೆ ಚಿಂದಿಯಾದರೂ ನನ್ನ ಗುರುತು ಹೋಗುತ್ತಿರಲಿಲ್ಲ. ಅಮಲ್ದಾರರೇ "ಕೊಟ್ರೆ ಹನುಮಂತಪ್ಪನ ಕೈಗೇ ಕೊಡ್ರಿ" ಎನ್ನುತ್ತಿದ್ದರು. ಮೇಲಾಗಿ ನಾಲ್ಕನೇ ಕ್ಲಾಸು ಓದಿದ್ದೆ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಬಿಡು!

ನಿಮ್ಮಿಬ್ಬರಿಗೂ ಆರು ವರ್ಷವಿದ್ದಾಗ ದಾಕಿನವರು ಬಂದು ಚಾವಡಿಯಲ್ಲಿ ಕೂತರು. ಊರು ಗುಸುಗುಸು ಎನ್ನತೊಡಗಿತು. "ಕರುವಿನ ಕೀವು ಮೈಯಾಗೆ ಹಾಕ್ತಾರಂತೆ" ಎಂದು ಒಬ್ಬರು, "ಸಿಡುಬಿನಮ್ಮ ಮುನಿಸ್ಕೊಳ್ತಾಳೆ" ಎಂದು ಇನ್ನೊಬ್ಬರು. ನಾನು ಇದಾವುದನ್ನೂ ನಂಬಿದವನಲ್ಲ. ನನ್ನನ್ನು ಕೆಣಕಿದ್ದು ಬೇರೆಯೇ — ಗುರುತು ಯಾರದೋ ಬಟ್ಟೆ ಅವರದು, ಇದು ನಮ್ಮ ಕಸುಬಿನ ಮೊದಲ ಪಾಠ. ನನ್ನ ಮಗಳ ಮೈಮೇಲೆ ಸರ್ಕಾರ ತನ್ನ ಗುರುತು ಹಾಕುವುದೇ? ಊರಿಗೆಲ್ಲ ಗುರುತು ಹಾಕುವವನ ಮನೆಗೇ ಬಂದು? ಇಷ್ಟೇ ನನ್ನ ತಲೆಯೊಳಗಿದ್ದದ್ದು.

ನಿನ್ನ ತಾಯಿ ಬೀಬಿಜಾನಕ್ಕನಿಗೆ ಈ ಸೊಕ್ಕು ಇರಲಿಲ್ಲ. ನಿನ್ನ ಕೈಯನ್ನು ನನ್ನ ಕೈಗೆ ಕೊಟ್ಟು, "ಅಣ್ಣಾ, ನಿಮ್ಮ ಗೌರಿ ಜತಿಗೆ ಇವಳಿಗೂ ಹಾಕಿಸ್ಕೊಂಡು ಬರ್ರಿ. ನಂಗೆ ನೋಡಾಕೆ ಆಗಲ್ಲ" ಎಂದಳು. ನಾನು ಹೂಂ ಅಂದೆ. ಚಾವಡಿಗೆ ಹೋಗದೆ ನಿಮ್ಮಿಬ್ಬರನ್ನೂ ಹೊಳೆದಂಡೆಗೆ ಕರೆದೊಯ್ದು, ತೋಳಿಗೆ ಗೇರಿನ ರಸ ಮುಟ್ಟಿಸಿ, "ದಾಕು ಅಂದ್ರೆ ಇದೇ ಕಣ್ರವ್ವಾ" ಎಂದೆ. ಗುಳ್ಳೆ ಎದ್ದು, ಒಡೆದು, ಕಲೆ ನಿಂತಿತು. ಮರುವರ್ಷ ಬಂದ ದಾಕಿನವರು ಆ ಕಲೆ ನೋಡಿ "ಇವಕ್ಕೆ ಆಗೈತೆ" ಎಂದು ಮುಂದೆ ಹೋದರು. ಸರ್ಕಾರದವರ ಕಣ್ಣಿಗೇ ಮಣ್ಣೆರಚಿದೆನಲ್ಲ ಎಂದು ಮೀಸೆ ತಿರುವಿದೆ. ಥೂ.

ಆ ಬೇಸಿಗೆಯಲ್ಲಿ ನಿನಗೆ ಅಮ್ಮ ಎದ್ದಳು. ಬಾಗಿಲಿಗೆ ಬೇವು ಕಟ್ಟಿದರು, ನಿಮ್ಮ ಮನೆಯಲ್ಲಿ ಒಗ್ಗರಣೆ ನಿಂತಿತು. ಹದಿನೈದು ದಿನದ ಮೇಲೆ ನೀನು ಬದುಕಿದೆ, ಎರಡೂ ಕಣ್ಣು ಹೋದವು. ಬೀಬಿಜಾನಕ್ಕ ನನ್ನೆದುರು ನೆಲ ಬಡಿದುಕೊಂಡು ಅತ್ತಳು — "ದಾಕು ಹಾಕಿಸಿದ್ರೂ ಬಂತಲ್ಲಣ್ಣಾ! ನಾನೇ ಕಳಿಸಿದ್ನಲ್ಲಾ!"

ಒಂದು ಮಾತು ಸಾಕಿತ್ತು. ನಾನು ಆಡಲಿಲ್ಲ.

ಆ ವಾರವೇ ಗೌರಿಯನ್ನು ಯಾರದೋ ಮದುವೆಯ ನೆಪ ಹೇಳಿ ನ್ಯಾಮತಿಗೆ ಕರೆದೊಯ್ದೆ. ನಮ್ಮ ಗುರುತಿರದ ಊರಿನಲ್ಲಿ ಅವಳ ಇನ್ನೊಂದು ತೋಳಿಗೆ ನಿಜವಾದ ದಾಕು ಹಾಕಿಸಿದೆ. ಹೌದು ಗೌರಿ, ನಿನ್ನ ಬಲತೋಳಿನ ಕಲೆ ಅದು. ನಾನು ಹೇಳುತ್ತ ಬಂದಂತೆ ಬಿದ್ದು ಆದ ಗಾಯವಲ್ಲ. ನನ್ನ ಮಗಳನ್ನು ಉಳಿಸಿಕೊಂಡೆ, ಕೇರಿಗೆ ಹೇಳಲಿಲ್ಲ. ಕೇರಿಯ ಜನ, ಜೈನಬೀ, ನಿನ್ನ ಕಣ್ಣು ತೋರಿಸಿ, "ದಾಕು ಹಾಕಿಸಿದ್ರೆ ಹಿಂಗೇ ಆಗೋದು" ಎಂದು ಬಾಗಿಲು ಹಾಕಿಕೊಂಡರು. ಗಾಡಿ ಸಿದ್ದಪ್ಪನ ಮಗ ಸಿಡುಬಾಗಿ ಸತ್ತ. ಆ ಬಾಗಿಲುಗಳನ್ನು ಮುಚ್ಚಿಸಿದ್ದು ಅಮ್ಮನ ಭಯವಲ್ಲ, ಜೈನಬೀ, ನನ್ನ ಸುಳ್ಳು. ಬೀಬಿಜಾನಕ್ಕ ಸಾಯುವಾಗಲೂ ತಪ್ಪು ತನ್ನದೆಂದೇ ನಂಬಿದ್ದಳು. ನಾನು ಪಕ್ಕದಲ್ಲೇ ಕೂತು ಅವಳ ಬಾಯಿಗೆ ನೀರು ಬಿಟ್ಟೆ...

ನೀನು ಬೆಳೆದ ಬಗೆ ನೋಡಿ ಎದೆ ಉಬ್ಬುತ್ತದೆ. ಕಣ್ಣಿಲ್ಲದೆ ಬೀಡಿ ಕಟ್ಟುತ್ತೀ, ಒಂದು ಎಲೆ ಹರಿಯುವುದಿಲ್ಲ. ಇದೇ ಕೇರಿಯಲ್ಲಿರುವ ಗಂಡನ ಮನೆಯವರು ನಿನ್ನ ಮಾತಿಗೆ ಎದುರಾಡುವುದಿಲ್ಲ. ಊರಲ್ಲಿ ಯಾರು ಕೇಳಿದರೂ "ನಮ್ಮ ಜೈನಬೀ" ಎನ್ನುತ್ತೇನೆ — ಹಾಗೆ ಅನ್ನುವ ಯೋಗ್ಯತೆ ನನಗಿಲ್ಲವೆಂದು ಗೊತ್ತಿದ್ದೂ.

ಈಗ ಹತ್ತಿರದ ಸಾಸ್ವೆಹಳ್ಳಿಗೆ ಸಿಡುಬು ಬಂದಿದೆ. ಮೊನ್ನೆ ದಾಕಿನವರು ನಿನ್ನ ಬಾಗಿಲಿಗೆ ಬಂದಾಗ ನಾಲ್ಕು ತಿಂಗಳ ಮಗನನ್ನು ಸೆರಗಿನೊಳಗೆ ಅವಚಿಕೊಂಡು ನೀನು ಹೇಳಿದ್ದು ನನ್ನ ಕಿವಿಗೆ ಬಿತ್ತು: "ಹಾಕಿಸ್ಕೊಂಡೂ ನನ್ನ ಕಣ್ಣು ಹೋದ್ವು. ನನ್ನ ಮಗನಿಗೆ ಬ್ಯಾಡ್ರಿ. ಬೇಕಾದ್ರೆ ಹನುಮಂತಪ್ಪ ಮಾಮನ್ನ ಕೇಳ್ರಿ, ಅವ್ರೇ ಹಾಕಿಸಿದ್ದು." ಅವರು ನನ್ನತ್ತ ತಿರುಗಿದರು. ಬಟ್ಟೆಗಂಟು ಹೊತ್ತುಕೊಂಡು ನಾನು ಹೊಳೆಯ ಕಡೆ ನಡೆದುಬಿಟ್ಟೆ.

ಅವರು ಸೋಮವಾರ ಮತ್ತೆ ಬಂದು ಚಾವಡಿಯಲ್ಲಿ ಕೂರುತ್ತಾರೆ. ಅಷ್ಟರೊಳಗೆ ಇದನ್ನೇ ಚಾವಡಿಯಲ್ಲಿ ನಿಂತು ಕೇರಿಯವರೆಲ್ಲರೆದುರು ನನ್ನ ಬಾಯಿಂದಲೇ ಹೇಳುತ್ತೇನೆ. ಬಟ್ಟೆ ಕೊಡುವವರು ಕೊಡಲಿ, ಬಿಡುವವರು ಬಿಡಲಿ. ಕ್ಷಮಿಸು ಎನ್ನಲಾರೆ, ಆ ಮಾತು ಸಣ್ಣದು. ಆದರೆ ಮಗುವನ್ನು ಚಾವಡಿಗೆ ಕರೆದೊಯ್ಯಲು ನನ್ನ ಕೈಗೆ ಕೊಡಬೇಡ, ಗೌರಿಯ ಕೈಗೂ ಕೊಡಬೇಡ, ಯಾರನ್ನೂ ನಂಬಬೇಡ. ನೀನೇ ಎತ್ತಿಕೊಂಡು ಹೋಗು — ಸೂಜಿ ತಾಗುವ ತನಕ ಅವನ ತೋಳನ್ನು ನೀನೇ ಹಿಡಿದುಕೋ.